ಜೋಗುಪಾಳ್ಯದಲ್ಲಿ ವಿಶ್ವ ದರ್ಶನ

ಪರದೇಶಗಳ ಬಗ್ಗೆ ಪಾಠ ಮಾಡುವವರಿಗೆ ಸ್ವದೇಶದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ವಿಜ್ಞಾನದ ಮೇಷ್ಟ್ರು ಪ್ರಯೋಗ ಮಾಡಿ ಕೈ ಸುಟ್ಟುಕೊಂಡರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಆ ಅನುಕಂಪವೂ ಇಲ್ಲ.

ನಾನು ಜೋಗುಪಾಳ್ಯದ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಶಾಲೆ. ಗಿರಣಿ ಓಡುವ ಹೊತ್ತಿನಲ್ಲಿ ಭೂಕಂಪದ ಪಾಠ ಇಟ್ಟುಕೊಂಡರೆ ಮಕ್ಕಳಿಗೆ ಬೇಗ ಅರ್ಥವಾಗುತ್ತಿತ್ತು. ನಾನು ದಾಟಿರುವ ಅತಿ ದೂರದ ಗಡಿ ಹೊಸೂರಿನದು. ಆದರೂ ಐದು ಖಂಡಗಳ ಉಡುಗೆ, ತೊಡುಗೆ, ಆಹಾರ, ಆಚಾರ ಎಲ್ಲಕ್ಕೂ ಆ ಶಾಲೆಯಲ್ಲಿ ನಾನೇ ಹೊಣೆಗಾರ.

ನಮ್ಮ ಹೆಡ್ ಮೇಡಂಗೆ ಒಂದು ಚಿಂತೆ ಇತ್ತು. ಇಂದಿರಾನಗರದ ದೊಡ್ಡ ಶಾಲೆಗಳು ನಮ್ಮ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುತ್ತಿದ್ದವು. ಅದಕ್ಕೆ ಅವರು ಪ್ರತಿ ಡಿಸೆಂಬರಿನಲ್ಲಿ 'ವಿಶ್ವ ದರ್ಶನ' ಎಂಬ ಕಾರ್ಯಕ್ರಮ ಶುರು ಮಾಡಿದರು. ಒಂದು ದಿನ ಇಡೀ ಶಾಲೆ ಪ್ರಪಂಚವಾಗಬೇಕು. ಒಂದೊಂದು ಮಗುವೂ ಒಂದೊಂದು ದೇಶ. ಅಪ್ಪ ಅಮ್ಮ ಬಂದು ನೋಡಿ ಬೆರಗಾಗಿ, ಮುಂದಿನ ವರ್ಷವೂ ಮಗುವನ್ನು ಇಲ್ಲೇ ಬಿಡಬೇಕು.

ನನ್ನ ಕೆಲಸ ತಾತ್ಕಾಲಿಕ. ಸೇರಿದ ದಿನವೇ ಮೇಡಂ ಹೇಳಿದ್ದರು: "ನೋಡಿ ಮೇಷ್ಟ್ರೆ, ಒಂದೇ ಒಂದು ವರ್ಷ ವಿಶ್ವ ದರ್ಶನ ಯಾರಿಂದಲೂ ದೂರು ಬರದೇ ಇರೋ ಹಾಗೆ ಮಾಡಿ. ಖಾಯಂ ಆರ್ಡರಿಗೆ ಸಹಿ ಹಾಕ್ತೀನಿ." ಆರ್ಡರು ಟೈಪಾಗಿ ಅವರ ಡ್ರಾಯರಿನಲ್ಲಿತ್ತು. ಸಹಿ ಒಂದೇ ಬಾಕಿ.

ಇತ್ತ ಕೆ.ಆರ್. ಪುರದಲ್ಲಿ ನನಗೆ ಒಂದು ಸಂಬಂಧ ಗೊತ್ತಾಗಿತ್ತು. ಹುಡುಗಿ ಕಾಯುತ್ತೇನೆ ಎಂದಿದ್ದಳು. ಅವಳ ತಂದೆ ಹಾಗೆ ಅಂದಿರಲಿಲ್ಲ. "ಕೆಲಸ ಖಾಯಂ ಆಗ್ಲಿ, ಛತ್ರ ನೋಡೋಣ" ಎಂದಷ್ಟೇ ಹೇಳಿದ್ದರು. ಹೀಗಾಗಿ ನನ್ನ ಮದುವೆ ನಾರ್ವೆ, ಪೆರು, ಜಪಾನ್ ಮೊದಲಾದ ರಾಷ್ಟ್ರಗಳ ಕೈಯಲ್ಲಿತ್ತು.

ಗೋಡೆಯ ಮೇಲಿನ ಪ್ರಪಂಚ

ನಾನು ಸೇರಿದಾಗ ಸೋವಿಯತ್ ಒಕ್ಕೂಟ ಒಡೆದು ಐದು ವರ್ಷವಾಗಿತ್ತು. ನಮ್ಮ ಶಾಲೆಯ ಗೋಡೆಗೆ ಆ ಸುದ್ದಿ ಇನ್ನೂ ಬಂದಿರಲಿಲ್ಲ. ಬಟ್ಟೆಯ ಮೇಲೆ ಅಂಟಿಸಿದ ದೊಡ್ಡ ನಕ್ಷೆಯಲ್ಲಿ ಅದು ಬಾಗಿಲಿನಿಂದ ಕಿಟಕಿಯವರೆಗೆ ಒಂದೇ ಬಣ್ಣದಲ್ಲಿ ಮಲಗಿತ್ತು.

ವಿಶ್ವ ದರ್ಶನಕ್ಕೆ ಹೊಸ ನಕ್ಷೆ ಬೇಕು ಎಂದು ಮೇಡಂಗೆ ಹೇಳಿದೆ.

"ಯಾಕೆ, ಇದಕ್ಕೇನಾಗಿದೆ?"

"ಮೇಡಂ, ಇದರಲ್ಲಿರೋ ದೇಶ ಒಡೆದು ಹದಿನೈದಾಗಿದೆ."

"ಒಡೆಯೋದೆಲ್ಲಾ ಮುಗೀತಾ?"

ನಾನು ಸುಳ್ಳು ಹೇಳಬಹುದಿತ್ತು. "ಇಲ್ಲ ಮೇಡಂ, ಯುಗೋಸ್ಲಾವಿಯಾ ಇನ್ನೂ ನಡೀತಾ ಇದೆ" ಅಂದೆ.

"ಹಾಗಾದ್ರೆ ಅದೂ ಮುಗೀಲಿ ಮೇಷ್ಟ್ರೆ. ಒಡೆಯೋರೆಲ್ಲಾ ಒಡೆದು ಮುಗಿಸ್ಲಿ. ಆಮೇಲೆ ಒಂದೇ ಸಲ ತಗೊಳ್ಳೋಣ."

ವಾದದಲ್ಲಿ ತಪ್ಪು ಕಾಣಿಸಲಿಲ್ಲ. ಕಾರ್ಯಕ್ರಮದ ಹಿಂದಿನ ದಿನ ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿ, ಕೆಂಪು ಬಾಲ್‌ಪೆನ್ನಿನಿಂದ ನಾನೇ ಹೊಸ ಗಡಿಗಳನ್ನು ಎಳೆದೆ. ಮೂರು ಬಾಲ್ಟಿಕ್ ರಾಷ್ಟ್ರಗಳಿಗೆ ಹದಿನೈದು ನಿಮಿಷ ಹಿಡಿಯಿತು. ಉಕ್ರೇನ್ ಸಲೀಸಾಗಿ ಬಂತು. ಕಜಕಸ್ತಾನ ಬಹಳ ಶಾಯಿ ಕುಡಿಯಿತು. ಜಾರ್ಜಿಯಾ ಅರ್ಧಕ್ಕೆ ಬಂದಾಗ ರೀಫಿಲ್ ಮುಗಿಯಿತು. ಅಂಗಡಿಗಳು ಮುಚ್ಚಿದ್ದವು. ಬೆಳಿಗ್ಗೆ ಎದ್ದು ಮಾಡೋಣ ಎಂದುಕೊಂಡು ಮನೆಗೆ ಹೋದೆ. ಬೆಳಿಗ್ಗೆ ಮರೆತೆ.

ಜಾರ್ಜಿಯಾ ಆಗಿ ನಿಂತ ಹುಡುಗಿಯ ತಂದೆ ಸೇನೆಯಿಂದ ನಿವೃತ್ತರಾದ ಸುಬೇದಾರರು. ಹಲಸೂರಿನ ಕಡೆಯವರು. ನಕ್ಷೆಗೆ ಮುಖ ತಾಗುವಷ್ಟು ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು ನೋಡಿದರು.

"ಈ ಬಾರ್ಡರ್ ಯಾರು ಹಾಕಿದ್ದು?"

"ನಾನೇ ಸಾರ್."

"ಯಾರ ಆರ್ಡರ್ ಮೇಲೆ?"

ಅವರು ಜಾರ್ಜಿಯಾದ ಮೇಲೆ ಬೆರಳಿಟ್ಟರು.

"ನಮ್ಮ ಮಗಳ ದೇಶಕ್ಕೆ ಒಂದು ಸೈಡು ಬಾರ್ಡರೇ ಇಲ್ಲ. ಓಪನ್ ಬಿಟ್ಟಿದೀರ. ಯಾರು ಬೇಕಾದ್ರೂ ನುಗ್ಗಬೋದು."

"ಸೋಮವಾರ ಸ್ವತಂತ್ರ ಆಗುತ್ತೆ ಸಾರ್. ರೀಫಿಲ್ ಮುಗಿದಿತ್ತು."

ಅವರು ಮನೆಗೆ ಹೋಗಿ ಅಚ್ಚುಕಟ್ಟಾದ ಅಕ್ಷರದಲ್ಲಿ ದೂರು ಬರೆದು ಕಳಿಸಿದರು. ನಿಮ್ಮ ಶಾಲೆಯ ಅಧ್ಯಾಪಕರೊಬ್ಬರು ಯಾವ ಅಧಿಕಾರವೂ ಇಲ್ಲದೆ ಅಂತರರಾಷ್ಟ್ರೀಯ ಗಡಿಗಳನ್ನು ಬದಲಾಯಿಸಿದ್ದಾರೆ ಎಂದು ಅದರಲ್ಲಿತ್ತು. ಇಷ್ಟು ಗಂಭೀರವಾದ ಆರೋಪ ನನ್ನ ಮೇಲೆ ಮತ್ತೆಂದೂ ಬರಲಿಲ್ಲ.

ಯುರೋಪ್ ಹೋದ ಬಗೆ

ಮರುವರ್ಷ ಗಡಿಯ ಗೊಡವೆಗೆ ಹೋಗಲಿಲ್ಲ. ಉಡುಪಿನ ಕಡೆ ಗಮನ ಕೊಟ್ಟೆ. ಶಿವಾಜಿನಗರದ ಗಲ್ಲಿಯೊಂದರಲ್ಲಿ ನಾಟಕದ, ಫ್ಯಾನ್ಸಿ ಡ್ರೆಸ್ಸಿನ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಅಂಗಡಿಯ ಭಾಯ್ ಪ್ರಪಂಚವನ್ನು ಒಂಬತ್ತು ಟ್ರಂಕುಗಳಲ್ಲಿ ಇಟ್ಟಿದ್ದರು.

"ಯಾವ ದೇಶ ಬೇಕು ಸಾರ್?"

ನಾನು ಪಟ್ಟಿ ಓದಿದೆ. "ನಾರ್ವೆ."

"ಅದು ಠಂಡಾ ಅಲ್ವಾ? ಠಂಡಾ ದೇಶಕ್ಕೆಲ್ಲಾ ಒಂದೇ ಟ್ರಂಕು. ಮುಂದೆ?"

"ಈಜಿಪ್ಟ್."

"ಗರಮ್. ಆ ಟ್ರಂಕು."

"ಪೆರು."

ಭಾಯ್ ಕಣ್ಣು ಮುಚ್ಚಿ ಯೋಚಿಸಿದರು. "ಟೋಪಿ ಹಾಕ್ತಾರಾ?"

"ಹಾಕ್ತಾರೆ."

"ಹಾಗಾದ್ರೆ ಟೋಪಿ ಟ್ರಂಕು."

ನಾನು ಹಲವು ಭೂಗೋಳದ ಪುಸ್ತಕ ಓದಿದ್ದೇನೆ. ಪ್ರಪಂಚವನ್ನು ಠಂಡಾ, ಗರಮ್, ಟೋಪಿ ಎಂದು ಇಷ್ಟು ಬೇಗ ವಿಂಗಡಿಸಿದ್ದನ್ನು ಎಲ್ಲಿಯೂ ನೋಡಿರಲಿಲ್ಲ. ಕೊನೆಗೆ ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಸೇರಿ ಏಳು ದೇಶ ಉಳಿದವು. ಭಾಯ್ ಒಳಗಿನಿಂದ ಏಳು ಕೆಂಪು ಕೋಟು ತಂದರು. ಭುಜದ ಮೇಲೆ ಚಿನ್ನದ ಬಣ್ಣದ ಕುಚ್ಚು, ಎದೆಗೆ ಹಿತ್ತಾಳೆ ಗುಂಡಿ.

"ಇದು ಯಾವ ದೇಶದ್ದು ಭಾಯ್?"

"ರಾಜಾ ಇರೋ ದೇಶಕ್ಕೆಲ್ಲಾ ಇದೇ ಸಾರ್."

"ಫ್ರಾನ್ಸಲ್ಲಿ ರಾಜ ಇಲ್ಲ."

"ಮೊದ್ಲು ಇದ್ನಲ್ಲ?"

ನಾನು ಒಪ್ಪಿದೆ. ಇತಿಹಾಸದ ವಿಷಯದಲ್ಲಿ ಅವರು ಹೇಳಿದ್ದು ಸರಿಯಾಗಿತ್ತು.

ಕಾರ್ಯಕ್ರಮದ ದಿನ ಏಳೂ ಹುಡುಗರು ಮೊಣಕಾಲು ಮುಟ್ಟುವ ಕೆಂಪು ಕೋಟಿನಲ್ಲಿ ಸಾಲಾಗಿ ನಿಂತರು. ಮೇಡಂ ಮುಖದಲ್ಲಿ ಸಂತೋಷ. ಫ್ರಾನ್ಸ್ ಇನ್ನೇನು ತನ್ನ ರಾಜಧಾನಿ ಹೇಳಬೇಕು, ಅಷ್ಟರಲ್ಲಿ ರೇಷ್ಮೆ ಪಂಚೆ ಉಟ್ಟು ಬಾಸಿಂಗದ ಪೆಟ್ಟಿಗೆ ಹಿಡಿದುಕೊಂಡ ಒಬ್ಬ ಹಿರಿಯರು ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಡೋಲು, ಕ್ಲಾರಿನೆಟ್ ಹೊತ್ತ ಏಳು ಜನ. ಏಳೂ ಜನ ಬನಿಯನ್ನಿನಲ್ಲಿದ್ದರು.

"ಎನ್ನಾ ಸಾರ್ ಇದು?" ಅಂದರು ಹಿರಿಯರು. "ಎದುರಿಗಿರೋ ಛತ್ರದಲ್ಲಿ ನಮ್ಮ ಹುಡುಗನ ಮದುವೆ. ಬ್ಯಾಂಡಿನವರ ಕೋಟೆಲ್ಲಾ ನಿಮ್ಮ ಮಕ್ಕಳ ಮೈಮೇಲೆ ಇದೆ ಅಂತಾರೆ."

ಭಾಯ್ ಬ್ಯಾಂಡಿನವರ ಕೋಟು ಒಗೆದು ಇಸ್ತ್ರಿ ಮಾಡಲು ತೆಗೆದುಕೊಂಡಿದ್ದರಂತೆ. ಮೆರವಣಿಗೆ ಸಂಜೆ ಇರುತ್ತದೆ, ಅಷ್ಟರಲ್ಲಿ ಯುರೋಪ್ ಮುಗಿದಿರುತ್ತದೆ ಎಂಬುದು ಅವರ ಲೆಕ್ಕ. ಮುಹೂರ್ತ ಹನ್ನೊಂದಕ್ಕಿತ್ತು.

ವರ ಕುದುರೆಯ ಮೇಲೆ ಕೂತು ಕಾಯುತ್ತಿದ್ದಾನೆ ಎಂದ ಮೇಲೆ ಚರ್ಚೆಗೆ ಅವಕಾಶವಿರಲಿಲ್ಲ. ಬ್ಯಾಂಡಿನವರು ಒಬ್ಬೊಬ್ಬರಾಗಿ ಬಂದು ಜರ್ಮನಿ, ಇಟಲಿ, ಸ್ಪೇನ್‌ಗಳ ಗುಂಡಿ ಬಿಚ್ಚಿ ಕೋಟು ತೆಗೆದುಕೊಂಡು ಅಲ್ಲೇ ತೊಟ್ಟರು. ಇಂಗ್ಲೆಂಡ್ ಸ್ವಲ್ಪ ಅತ್ತಿತು. ಎರಡು ನಿಮಿಷದಲ್ಲಿ ಇಡೀ ಪಶ್ಚಿಮ ಯುರೋಪ್ ಬನಿಯನ್ನಿನಲ್ಲಿ ನಿಂತು, ಕಿಟಕಿಯಿಂದ ಮೆರವಣಿಗೆ ನೋಡುತ್ತಿತ್ತು.

ದೂರು ಗಂಡಿನ ಕಡೆಯವರಿಂದ ಬಂತು. ಕೋಟು ತಡವಾಗಿ ಸಿಕ್ಕಿದ್ದಕ್ಕಲ್ಲ. ಒಂದು ಕೋಟಿನ ಜೇಬಿನಲ್ಲಿ 'ನಾನು ಬೆಲ್ಜಿಯಂ' ಎಂಬ ಚೀಟಿ ಉಳಿದಿತ್ತು. ಡೋಲಿನವನು ಅದನ್ನು ಏನೋ ಅಲಂಕಾರ ಇರಬೇಕು ಎಂದು ಎದೆಗೆ ಚುಚ್ಚಿಕೊಂಡಿದ್ದ. ಮದುವೆಯ ಫೋಟೋಗಳಲ್ಲೆಲ್ಲ ಬೆಲ್ಜಿಯಂ ಬಂದಿತ್ತು.

ಮೆಕ್ಸಿಕೊ ಮತ್ತು ಶಹಾಪುರ

ಮೂರನೆಯ ವರ್ಷ ಬಟ್ಟೆ ಬೇಡ ಎಂದು ಊಟಕ್ಕೆ ಬಂದೆವು. ಒಂದೊಂದು ಮನೆಗೆ ಒಂದೊಂದು ದೇಶದ ತಿನಿಸು. ಮಾಡುವ ವಿಧಾನವನ್ನು ನಾನೇ ಲೈಬ್ರರಿಯಲ್ಲಿ ಕೂತು ಬರೆದುಕೊಂಡು, ಕನ್ನಡಕ್ಕೆ ಇಳಿಸಿ ಚೀಟಿ ಹಂಚಿದೆ.

ರಾಮಮೂರ್ತಿ ನಗರದಲ್ಲಿ ಒಂದು ಕೋಣೆಯ ಮನೆಯಲ್ಲಿದ್ದ ತಾಯಿಯೊಬ್ಬರು ಆ ವರ್ಷ ತಾನೇ ಶಹಾಪುರದ ಕಡೆಯಿಂದ ಬಂದಿದ್ದರು. ಗಂಡ ಕಟ್ಟಡದ ಕೆಲಸ, ಇವರೂ ಜೊತೆಗೆ ಹೋಗುತ್ತಿದ್ದರು. ಎರಡು ಬಸ್ಸು ಬದಲಾಯಿಸಿ ಮಗಳನ್ನು ನಮ್ಮ ಶಾಲೆಗೆ ಕಳಿಸುತ್ತಿದ್ದರು. ಅವರ ಪಾಲಿಗೆ ಮೆಕ್ಸಿಕೊ ಬಂದಿತ್ತು. ಮರುದಿನವೇ ಚೀಟಿ ಹಿಡಿದುಕೊಂಡು ಬಂದರು.

"ಸರ್, ಇದನ್ನ ಓದ್ರಿ."

ನಾನೇ ಬರೆದದ್ದನ್ನು ನಾನೇ ಓದಿದೆ. "ಜೋಳದ ಹಿಟ್ಟು ನಾದಿ ಕೈಯಿಂದ ತಟ್ಟಿ ರೊಟ್ಟಿ ಮಾಡಿ ಕಾದ ಹೆಂಚಿನ ಮೇಲೆ ಬೇಯಿಸುವುದು."

"ಹೂಂ. ಮುಂದ?"

"ಕಾಳು ಬೇಯಿಸಿ ಪಲ್ಯ ಮಾಡುವುದು."

"ಹೂಂ."

"ಕೆಂಪು ಮೆಣಸಿನಕಾಯಿ ಅರೆದು ಖಾರ ಮಾಡಿ, ಹಸಿ ಈರುಳ್ಳಿ ಜೊತೆ ತಿನ್ನುವುದು."

ಅವರು ನನ್ನನ್ನೇ ನೋಡಿದರು. "ಇದು ಮೆಕ್ಸಿಕೊ ಏನ್ರಿ?"

"ಹೌದಮ್ಮಾ. ಆದ್ರೆ ಅಲ್ಲಿ ಮೆಕ್ಕೆಜೋಳ. ಅಷ್ಟೇ ವ್ಯತ್ಯಾಸ."

"ಈ ಮಂದಿ ನಮ್ಮ ಕಡಿಂದ ಯಾವಾಗ ಹೋಗ್ಯಾರ್ರಿ ಅಲ್ಲಿಗೆ?"

ಹೋಗಿಲ್ಲ, ಅವರು ಅಲ್ಲಿಯವರೇ, ಸಾವಿರಾರು ವರ್ಷದಿಂದ ಹಾಗೇ ತಿನ್ನುತ್ತಿದ್ದಾರೆ ಎಂದು ವಿವರಿಸಿದೆ. ಅವರು ನಂಬಲಿಲ್ಲ. ಮೆಣಸಿನಕಾಯಿ ಆ ಕಡೆಯಿಂದಲೇ ನಮಗೆ ಬಂದದ್ದು ಎಂದೆ. ಆಗ ಅವರು ಎದ್ದು ನಿಂತರು.

"ಸರ್, ನಾ ಸಾಲಿ ಕಲ್ತಾಕಿ ಅಲ್ಲ. ಆದ್ರ ಮೆಣಸಿನಕಾಯಿ ಎಲ್ಲಿದು ಅಂತ ನನಗ ಹೇಳಬ್ಯಾಡ್ರಿ."

ಆದರೂ ಕಾರ್ಯಕ್ರಮದ ದಿನ ಬುಟ್ಟಿ ತುಂಬ ರೊಟ್ಟಿ ತಂದರು. ಇಟಲಿ ಎಂದು ಬಂದದ್ದು ಶಾವಿಗೆ ಉಪ್ಪಿಟ್ಟು, ಚೀನಾ ಎಂದು ಬಂದದ್ದು ಚಿತ್ರಾನ್ನ. ಅರ್ಧ ಗಂಟೆಯಲ್ಲಿ ಖಾಲಿಯಾದದ್ದು ಮೆಕ್ಸಿಕೊ ಒಂದೇ. ಮೇಡಂ ನಾಲ್ಕು ರೊಟ್ಟಿ ತಿಂದು, "ಇದೇನ್ರೀ, ಮೆಕ್ಸಿಕನ್ ಊಟ ಇಷ್ಟು ಚೆನ್ನಾಗಿರುತ್ತಾ!" ಎಂದರು. ಈ ವರ್ಷ ಗೆದ್ದೆ ಎಂದುಕೊಂಡೆ. ಕೆ.ಆರ್. ಪುರಕ್ಕೆ ಫೋನ್ ಮಾಡಲು ನಾಣ್ಯ ಕೂಡ ಎತ್ತಿಟ್ಟುಕೊಂಡಿದ್ದೆ.

ಅಷ್ಟರಲ್ಲಿ ಖಾಲಿ ಬುಟ್ಟಿ ಹಿಡಿದು ಆ ತಾಯಿ ಮೇಡಂ ಕೋಣೆಗೆ ಹೋದರು. ಹೊರಗೆ ನಿಂತ ನನಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು.

"ಬಾಯಾರ, ನಮ್ಮ ಹುಡುಗಿ ಏನ್ ತಪ್ಪು ಮಾಡ್ಯಾಳ್ರಿ? ಎಲ್ಲಾ ಹುಡುಗ್ರಿಗೂ ಪರದೇಶ ಕೊಟ್ಟು, ನಮಗ ಮಾತ್ರ ಶಹಾಪುರ ಕೊಟ್ಟಾರ ನಿಮ್ಮ ಮಾಸ್ತರ."

ನ್ಯೂಜಿಲೆಂಡಿನ ನಮಸ್ಕಾರ

ನಾಲ್ಕನೆಯ ವರ್ಷ ನನ್ನ ಪ್ರಕಾರ ಅತ್ಯಂತ ಸುರಕ್ಷಿತವಾದ ವಿಷಯ ಆರಿಸಿದೆ: ಬೇರೆ ಬೇರೆ ದೇಶದವರು ಒಬ್ಬರಿಗೊಬ್ಬರು ನಮಸ್ಕರಿಸುವ ರೀತಿ. ಬಟ್ಟೆ ಬೇಡ, ಅಡುಗೆ ಬೇಡ, ಬಾಲ್‌ಪೆನ್ನು ಬೇಡ. ಜಪಾನಿನವರು ಸೊಂಟ ಬಗ್ಗಿಸುತ್ತಾರೆ. ಫ್ರಾನ್ಸಿನವರದ್ದನ್ನು ಮೇಡಂ ಪಟ್ಟಿಯಿಂದ ತೆಗೆದರು. ನ್ಯೂಜಿಲೆಂಡಿನ ಮಾವೊರಿಗಳು ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಒಂದೇ ಉಸಿರನ್ನು ಹಂಚಿಕೊಳ್ಳುತ್ತಾರೆ. ಅದರ ಹಿಂದಿನ ಅರ್ಥ ಬಹಳ ದೊಡ್ಡದು. ನಾನು ತರಗತಿಯಲ್ಲಿ ವಿವರಿಸಿದಾಗ ಮಕ್ಕಳು ಮೌನವಾಗಿ ಕೇಳಿದರು. ಆಮೇಲೆ ಅರ್ಧ ಶಾಲೆ ಪಾಠ ಬಿಟ್ಟು ಮೂಗು ತಾಗಿಸಲು ಶುರು ಮಾಡಿತು.

ಆ ವರ್ಷ ಮದ್ರಾಸ್ ಐ ತಡವಾಗಿ ಬಂದಿತ್ತು. ಅಂದರೆ ಕಣ್ಣು ಕೆಂಪಾಗಿ ಉರಿಯುವ ಅಂಟುರೋಗ. ನಮ್ಮ ಶಾಲೆಯಲ್ಲಿ ಅದು ಮೊದಲು ಒಬ್ಬ ಹುಡುಗನಿಗೆ ಬಂತು. ಆತ ನ್ಯೂಜಿಲೆಂಡ್ ತಂಡದ ನಾಯಕ.

ಕಾರ್ಯಕ್ರಮದ ದಿನದ ಹೊತ್ತಿಗೆ ಶಾಲೆಯಲ್ಲಿ ಅರ್ಧದಷ್ಟು ಜನ ಇರಲಿಲ್ಲ. ಇದ್ದವರಲ್ಲಿ ಒಬ್ಬ ಪುಟ್ಟ ಹುಡುಗಿ ವೇದಿಕೆಯಿಂದ ಇಳಿದು ನೇರವಾಗಿ ಮೇಡಂ ಹತ್ತಿರ ಹೋಗಿ, ಅವರ ಕೆನ್ನೆ ಹಿಡಿದು ಮೂಗಿಗೆ ಮೂಗು ಒತ್ತಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಅವಳ ಕಣ್ಣು ನೋಡಿದೆ.

ಎರಡು ದಿನ ಬಿಟ್ಟು ಹಲಸೂರಿನ ಡಾಕ್ಟರರು ಶಾಲೆಗೆ ಬಂದು ತಪಾಸಣೆ ಮಾಡಿದರು. "ವಿಚಿತ್ರ ಕಣ್ರೀ" ಎಂದರು ನನಗೆ. "ಒಂದೇ ತರಗತಿ, ಒಂದೇ ಬೆಂಚು. ಆದ್ರೂ ಈ ಎಂಟು ಮಕ್ಕಳಿಗೆ ಏನೂ ಆಗಿಲ್ಲ. ಇವ್ರೇನು ಬೇರೆ ನೀರು ಕುಡೀತಾರಾ?"

"ಇಲ್ಲ ಡಾಕ್ಟ್ರೇ, ಅವರು ಜಪಾನು" ಎಂದೆ.

ಆ ವರ್ಷ ನನಗೆ ಬಂದ ಎಚ್ಚರಿಕೆಯ ಪತ್ರದಲ್ಲಿ ಮೇಡಂ ಸಹಿ ಗೆರೆ ಬಿಟ್ಟು ಬೇರೆ ಕಡೆ ಬಿದ್ದಿತ್ತು. ಅವರು ಅದನ್ನು ಕಪ್ಪು ಕನ್ನಡಕ ಹಾಕಿಕೊಂಡು ಬರೆದಿದ್ದರು.

ಮುಖ್ಯ ಅತಿಥಿ

ಐದನೆಯ ವರ್ಷಕ್ಕೆ ಮೇಡಂ ತಾವೇ ಮುಂದಾದರು. "ನಿಮ್ಮ ಬಾಲ್‌ಪೆನ್ನು ದೇಶ, ಬಾಡಿಗೆ ದೇಶ ಎಲ್ಲಾ ಸಾಕು ಮೇಷ್ಟ್ರೆ. ಈ ಸಲ ನಿಜವಾದ ಫಾರಿನರ್‌ನ ಕರೆಸ್ತೀನಿ. ಅವರೇ ಮುಖ್ಯ ಅತಿಥಿ. ಅವರು ಹೋಗುವಾಗ ಒಂದು ಮಾತೂ ದೂರು ಹೇಳದೇ ಹೋಗ್ಬೇಕು. ದೂರಿದ್ರೆ, ಈ ಆರ್ಡರು ಹರಿದು ಹಾಕ್ತೀನಿ."

ಕೆ.ಆರ್. ಪುರದಿಂದಲೂ ಅದೇ ವಾರ ಮಾತು ಬಂದಿತ್ತು. ಹುಡುಗಿಯ ತಂದೆ ಯುಗಾದಿಯವರೆಗೆ ನೋಡುತ್ತಾರಂತೆ. ಆಮೇಲೆ ಬೇರೆ ಕಡೆ ನೋಡುತ್ತಾರಂತೆ.

ಅತಿಥಿಯನ್ನು ಗೊತ್ತು ಮಾಡಿದವರು ಮೇಡಂ ತಮ್ಮ. ಅವರ ಮನೆ ಹೊರಮಾವಿನಲ್ಲಿ. ಮೇಲಿನ ಮನೆಗೆ ಹೊರದೇಶದ ವಿದ್ಯಾರ್ಥಿಯೊಬ್ಬರು ಬಂದಿದ್ದರು.

"ಯಾವ ದೇಶದವರಂತೆ?" ಎಂದು ಮೇಡಂ ನನ್ನೆದುರಿಗೇ ಫೋನಿನಲ್ಲಿ ಕೇಳಿದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟರು. "ಅದು ಕೇಳಿಲ್ವಂತೆ. ನೀರು ಕಮ್ಮಿ ಖರ್ಚು ಮಾಡ್ತಾರಂತೆ, ಅಷ್ಟು ಗೊತ್ತಂತೆ."

ಹಾಗಾಗಿ ಯಾವ ದೇಶದವರು ಬಂದರೂ ಬೇಸರವಾಗದಂತೆ ನಲವತ್ತು ದೇಶಗಳ ಬಾವುಟ ಕಟ್ಟಲು ನಿಶ್ಚಯವಾಯಿತು. ಕಾರ್ಯಕ್ರಮ ಗಿರಣಿಯ ಪಕ್ಕದ ಖಾಲಿ ಜಾಗದಲ್ಲಿ. ಶಾಮಿಯಾನದವರು ಬೆಳಿಗ್ಗೆ ಎಂಟಕ್ಕೆ ಬಂದು ಬೆಂಚು ಇಳಿಸಿ ಹಾಕಬೇಕಿತ್ತು. ಎಂಟೂವರೆಯಾದರೂ ಒಬ್ಬರೂ ಬರಲಿಲ್ಲ. ಮೂವತ್ತು ಬೆಂಚು ಮಹಡಿಯ ಮೇಲೆ, ನಾನೊಬ್ಬನೇ ಕೆಳಗೆ.

ಅಷ್ಟರಲ್ಲಿ ಬಿಳಿ ಶರ್ಟು, ಕಪ್ಪು ಪ್ಯಾಂಟು ತೊಟ್ಟ, ಎಣ್ಣೆಗಪ್ಪು ಬಣ್ಣದ ತರುಣರೊಬ್ಬರು ಆಟೋದಿಂದ ಇಳಿದು ಬಂದರು. ಹಲಸೂರು ಮಾರ್ಕೆಟ್ಟಿನಲ್ಲಿ ನಿಲ್ಲಿಸಿದರೆ ತರಕಾರಿ ಅಂಗಡಿಯವರು ಹೆಸರು ಹಿಡಿದು ಕರೆಯಬೇಕು, ಅಂಥ ಮುಖ. ಶಾಮಿಯಾನದವರು ಕೊನೆಗೂ ಒಬ್ಬರನ್ನಾದರೂ ಕಳಿಸಿದರಲ್ಲ ಎಂದು ನಿಟ್ಟುಸಿರು ಬಿಟ್ಟೆ.

"ಏನಪ್ಪಾ, ಇಷ್ಟು ಲೇಟಾ?" ಎಂದೆ. ಅರ್ಥವಾದಂತೆ ಕಾಣಲಿಲ್ಲ. ತಮಿಳಿನಲ್ಲಿ ಹೇಳಿದೆ. ಅದೂ ಆಗಲಿಲ್ಲ. ಆತ ಕೈ ಜೋಡಿಸಿ ಇಂಗ್ಲಿಷಿನಲ್ಲಿ 'ಗುಡ್ ಮಾರ್ನಿಂಗ್ ಸರ್' ಎಂದರು. ಈ ನಡುವೆ ಜೋಗುಪಾಳ್ಯದಲ್ಲಿ ಎಲ್ಲರೂ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದರು. ನನಗೆ ಏನೂ ಅನ್ನಿಸಲಿಲ್ಲ. ಮಹಡಿಯ ಬೆಂಚು ತೋರಿಸಿದೆ, ಕೆಳಗಿನ ಜಾಗ ತೋರಿಸಿದೆ.

ಆತ ಒಂದು ಕ್ಷಣ ಯೋಚಿಸಿದರು. ಆಮೇಲೆ ತೋಳು ಮಡಿಸಿಕೊಂಡು ಮೇಲೆ ಹೋದರು.

ಒಳ್ಳೆಯ ಕೆಲಸಗಾರ. ಬೆಂಚು ಗೋಡೆಗೆ ತಾಗಿಸದೆ ಇಳಿಸುತ್ತಿದ್ದರು. ಒಂದು ಬೆಂಚು ಓರೆಯಾಗಿ ಹಾಕಿದ್ದಕ್ಕೆ ನಾನು ಗದರಿದೆ. ತಕ್ಷಣ ಸರಿ ಮಾಡಿದರು. ನಡುವೆ ಏಣಿ ಹತ್ತಿಸಿ ಕಟ್ಟದೆ ಉಳಿದಿದ್ದ ಹತ್ತು ಬಾವುಟವನ್ನೂ ಕಟ್ಟಿಸಿದೆ.

ಒಂಬತ್ತೂವರೆಗೆ ಮೇಡಂ ಆರತಿ ತಟ್ಟೆ ಸಮೇತ ಬಂದರು. ಗೇಟಿನಲ್ಲಿ ಇಬ್ಬರು ಮಕ್ಕಳು ಹಾರ ಹಿಡಿದು ನಿಂತಿದ್ದರು. ಫಾರಿನರ್ ಬಂದ ತಕ್ಷಣ ಹಾಕಬೇಕು ಎಂದು ಅವರಿಗೆ ಹೇಳಿದ್ದರು. ಫಾರಿನರ್ ಹೇಗಿರುತ್ತಾರೆ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವಿದೆ ಎಂದು ಯಾರಿಗೂ ತೋಚಿರಲಿಲ್ಲ. ಹತ್ತಕ್ಕೆ ಸರಿಯಾಗಿ ಎತ್ತರದ, ಬೆಳ್ಳಗಿನ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡ ಒಬ್ಬರು ರಸ್ತೆಯಲ್ಲಿ ಬಂದರು. ಮಕ್ಕಳು ಹಾರ ಹಾಕಿಯೇಬಿಟ್ಟರು. ಮೇಡಂ ಆರತಿ ಎತ್ತಿದರು. ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿ ಎಳನೀರು ಕೊಟ್ಟೆವು. ಅವರು ಕಾಲು ಗಂಟೆ ನಗುನಗುತ್ತಾ ಕೂತಿದ್ದು, ಎಳನೀರು ಮುಗಿಸಿ, ಎಲ್ಲರಿಗೂ ಕೈ ಮುಗಿದು, ಸೋಮೇಶ್ವರ ದೇವಸ್ಥಾನಕ್ಕೆ ಯಾವ ಕಡೆ ಹೋಗಬೇಕು ಎಂದು ಕೇಳಿದರು.

ದಾರಿ ತೋರಿಸಿದೆ. ಹಾರದ ಸಮೇತ ಹೋದರು.

ಮೇಡಂ ಮುಖ ಬಿಳಿಚಿತು. "ಹಾಗಾದ್ರೆ ನಮ್ಮೋರು ಎಲ್ಲಿ? ಇನ್ನೂರು ಜನ ಕೂತಿದಾರೆ. ಮೇಷ್ಟ್ರೆ, ಇವತ್ತು ಅವರು ಬರ್ದೇ ಇದ್ರೆ ನಾಳೆಯಿಂದ ನೀವೂ ಬರ್ಬೇಡಿ."

ಆ ಹೊತ್ತಿಗೆ ಸ್ಕೂಟರಿನಲ್ಲಿ ಅವರ ತಮ್ಮ ಬಂದರು. "ಅಕ್ಕಾ, ನಮ್ಮ ಹುಡುಗ ಸರಿಯಾದ ಟೈಮಿಗೆ ಬಂದ್ರಾ? ಎಂಟು ಗಂಟೆಗೇ ಆಟೋ ಹತ್ತಿಸಿದ್ದೆ."

"ಯಾರೂ ಬಂದಿಲ್ಲ ಕಣೋ!"

"ಬಂದಿಲ್ಲ ಅಂದ್ರೆ? ಅಗೋ, ಅಲ್ಲಿ ಬೆಂಚು ಹೊತ್ಕೊಂಡು ಬರ್ತಿದಾರಲ್ಲ, ಅವರೇ."

ಮೇಡಂ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೋಗಿ ಬೆಂಚಿನ ಒಂದು ತುದಿ ಹಿಡಿದು ನಿಲ್ಲಿಸಿದರು. ಆತ ಬಿಡಲಿಲ್ಲ. ಒಂದಿಷ್ಟು ಎಳೆದಾಟವಾಗಿ, ಕೊನೆಗೆ ಬೆಂಚು ಮೇಡಂ ಕೈಗೆ ಬಂತು.

ಅತಿಥಿ ಮಾರಿಷಸ್ ದೇಶದವರು. ಅವರ ಮುತ್ತಜ್ಜನ ಕಾಲದಲ್ಲಿ ನಮ್ಮ ದಕ್ಷಿಣದ ಕಡೆಯಿಂದಲೇ ಕಬ್ಬಿನ ತೋಟಕ್ಕೆ ಹಡಗಿನಲ್ಲಿ ಹೋದವರು. ಮುಖ ಮಾತ್ರ ಇಲ್ಲಿ ಉಳಿದಿತ್ತು, ಭಾಷೆ ಅಲ್ಲಿ ಬದಲಾಗಿತ್ತು.

ಅವರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಪೋಷಕರಿಗಾಗಿ ಕನ್ನಡಕ್ಕೆ ಅನುವಾದ ಮಾಡುವ ಹೊಣೆ ನನ್ನದು.

"ನಮ್ಮ ದೇಶದಲ್ಲಿ ಮುಖ್ಯ ಅತಿಥಿ ತಡವಾಗಿ ಬಂದು, ಕುರ್ಚಿಯಲ್ಲಿ ಕೂತು, ಮಾತಾಡಿ ಹೋಗುತ್ತಾರೆ" ಎಂದು ಅವರು ಹೇಳಿದರು. ನಾನು ಅನುವಾದಿಸಿದೆ.

"ಇಲ್ಲಿ ಇಂದು ಬೇರೆಯದೇ ಸಂಪ್ರದಾಯ ನೋಡಿದೆ. ಗೌರವ ಪಡೆಯುವವನು ಮೊದಲು ಬೇರೆಯವರು ಕೂರುವ ಬೆಂಚು ಹೊರಬೇಕು." ಅನುವಾದಿಸಿದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು.

"ನನಗೆ ಇದನ್ನು ಕಲಿಸಿದ್ದು ಈ ಗುರುಗಳು. ನಾನು ಬೆಂಚು ಓರೆ ಹಾಕಿದಾಗ, ಅತಿಥಿ ಎಂಬ ಸಂಕೋಚವಿಲ್ಲದೆ ತಿದ್ದಿದರು."

ಇದನ್ನು ನಾನು ಅನುವಾದ ಮಾಡಲಿಲ್ಲ. ಆದರೆ ಮೇಡಂಗೆ ಇಂಗ್ಲಿಷ್ ಬರುತ್ತಿತ್ತು.

ಒಂದು ವಾರದ ನಂತರ ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಹಳದಿಯಾದ ನನ್ನ ಆರ್ಡರು, ಪಕ್ಕದಲ್ಲಿ ಅತಿಥಿಯಿಂದ ಬಂದ ಪತ್ರ. ಮೇಡಂ ಕನ್ನಡಕ ಏರಿಸಿ ಓದಿದರು. ತುಂಬ ಸಂತೋಷವಾಯಿತು, ಮಕ್ಕಳು ಮುದ್ದಾಗಿದ್ದರು, ಎಳನೀರು ಸಿಗಲಿಲ್ಲ, ಪರವಾಗಿಲ್ಲ. ಇಷ್ಟು ಓದಿ ತಲೆ ಎತ್ತಿದರು.

"ಮೇಷ್ಟ್ರೆ, ದೂರು ಇದೆ."

ನನಗೆ ಕೆ.ಆರ್. ಪುರ ಕಣ್ಣ ಮುಂದೆ ಬಂತು.

ಅವರು ಓದಿದರು: "ಒಂದೇ ಒಂದು ವಿಷಯಕ್ಕೆ ಬೇಸರವಾಗಿದೆ. ನಾನು ಇಪ್ಪತ್ತಾರು ಬೆಂಚು ಇಳಿಸಿದ್ದೆ. ಇನ್ನು ನಾಲ್ಕೇ ಉಳಿದಿದ್ದವು. ಅಷ್ಟರಲ್ಲಿ ನನ್ನ ಕೈಯಿಂದ ಬೆಂಚು ಕಿತ್ತುಕೊಂಡು ನಿಲ್ಲಿಸಿದರು. ನನ್ನ ಕೆಲಸದಲ್ಲಿ ಏನು ಕೊರತೆ ಕಂಡಿತೋ ತಿಳಿಯಲಿಲ್ಲ."

ಮೇಡಂ ಪತ್ರ ಕೆಳಗಿಟ್ಟರು. "ಇದು ದೂರು ಅಲ್ವೇನ್ರೀ?"

"ದೂರೇ ಮೇಡಂ."

"ಮತ್ತೆ?"

"ಆದ್ರೆ ಕಿತ್ಕೊಂಡಿದ್ದು ನೀವು ಮೇಡಂ" ಎಂದೆ.

ಕೆಳಗೆ ಗಿರಣಿ ಓಡುತ್ತಿತ್ತು. ಮೇಜು ಸಣ್ಣಗೆ ನಡುಗುತ್ತಿತ್ತು. ಮೇಡಂ ಪತ್ರವನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ಮಡಿಸಿ ಡ್ರಾಯರಿನ ತಳಕ್ಕೆ ತಳ್ಳಿದರು. ಪೆನ್ನು ತೆಗೆದು ನನ್ನ ಆರ್ಡರಿಗೆ ಸಹಿ ಹಾಕಿದರು. "ಈ ಪತ್ರದ ವಿಷಯ ಸ್ಟಾಫ್ ರೂಮಲ್ಲಿ ಬೇಡ" ಎಂದರು.

ಯುಗಾದಿಗೆ ಮುಂಚೆ ಛತ್ರ ಗೊತ್ತಾಯಿತು.

ಮುಂದಿನ ಡಿಸೆಂಬರಿನಲ್ಲಿ ಅದೇ ಅತಿಥಿಯನ್ನು ಮತ್ತೆ ಕರೆದೆವು. ಆಗ ಮಾರಿಷಸ್‌ನಿಂದ ಅವರ ತಂದೆಯೂ ಮಗನನ್ನು ನೋಡಲು ಬಂದಿದ್ದರು. ಈ ಸಲ ತಪ್ಪಾಗಬಾರದು ಎಂದು ನಾವೆಲ್ಲ ಎಂಟು ಗಂಟೆಗೇ ಗೇಟಿನಲ್ಲಿ ನಿಂತಿದ್ದೆವು: ಮೇಡಂ, ನಾನು, ಹೊಸದಾಗಿ ಮದುವೆಯಾದ ನನ್ನ ಹೆಂಡತಿ, ಆರತಿ ತಟ್ಟೆ, ಎರಡು ಎಳನೀರು. ಬೆಂಚುಗಳನ್ನೆಲ್ಲ ಹಿಂದಿನ ದಿನವೇ ಹಾಕಿಸಿಯಾಗಿತ್ತು.

ಅರವತ್ತೈದು ದಾಟಿದ ತಂದೆ ಸೂಟು ತೊಟ್ಟು ಆಟೋದಿಂದ ಇಳಿದರು. ಹಾರ ಹಾಕಿಸಿಕೊಂಡರು, ಆರತಿಗೆ ತಲೆ ಬಾಗಿಸಿದರು. ಆಮೇಲೆ ಸಾಲಾಗಿ ಹಾಕಿದ್ದ ಬೆಂಚುಗಳನ್ನು ನೋಡಿದರು. ಅವರ ಮುಖ ಬಾಡಿತು. ಮಗನ ಕಿವಿಯಲ್ಲಿ ಏನೋ ಹೇಳಿದರು. ಮಗ ಸಂಕೋಚದಿಂದ ನನ್ನ ಹತ್ತಿರ ಬಂದರು.

"ಅಪ್ಪನಿಗೆ ಬೇಜಾರಾಗಿದೆ ಸರ್. ಅವರಿಗೆ ವಯಸ್ಸಾಯಿತು ಅಂತ ನೀವು ಗೌರವ ಕಡಿಮೆ ಮಾಡಿದಿರಿ ಅಂದುಕೊಂಡಿದ್ದಾರೆ."

ನಾನು ಮೇಡಂ ಕಡೆ ನೋಡಿದೆ. ಮೇಡಂ ಆರತಿ ತಟ್ಟೆಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಏನ್ ನೋಡ್ತಿದೀರಿ ಮೇಷ್ಟ್ರೆ? ನಾಲ್ಕು ಬೆಂಚು ವಾಪಸ್ ಮೇಲೆ ಇಡೋಣ, ಹಿಡೀರಿ ಆ ಕಡೆ."